ಗೇಣುದ್ದದ ಜಗಳ

ಮಾನ್ಯರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ರೆಫ್ರಿಗಳ ತೀರ್ಪಿನ ಮಾತು ಬಂದಾಗಲೆಲ್ಲ ನನಗೆ 2016ರ ನವೆಂಬರ್ 26 ನೆನಪಾಗುತ್ತದೆ. ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ನಡುವಿನ ಪಂದ್ಯ, ಎರಡನೇ ಓವರ್‌ಟೈಮ್. ಮಿಷಿಗನ್ 27-24ರಿಂದ ಮುಂದಿತ್ತು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮಾತ್ರ ಚೆಂಡು ತಂಡದ ಬಳಿ ಉಳಿಯುತ್ತದೆ. ಒಹಾಯೊಗೆ ಉಳಿದಿದ್ದು ಕೊನೆಯ ಯತ್ನ, ಬೇಕಿದ್ದದ್ದು ಒಂದೇ ಗಜ. ಒಹಾಯೊದ ಜೆ.ಟಿ. ಬ್ಯಾರೆಟ್ ಚೆಂಡನ್ನು ಎದೆಗವಚಿಕೊಂಡು ನುಗ್ಗಿದರು, ತಮ್ಮದೇ ಆಟಗಾರನ ಬೆನ್ನಿಗೆ ಬಡಿದು ಬಿದ್ದರು. ಚೆಂಡು ಆ ಒಂದು ಗಜದಾಚೆಯ ಗೆರೆ ಮುಟ್ಟಿತೇ, ಇಲ್ಲವೇ? ಮುಟ್ಟಿತು ಅಂದರು ರೆಫ್ರಿಗಳು. ವಿಡಿಯೊ ನೋಡಿದ ಮೇಲೂ ಅದೇ ಮಾತು. ಮುಂದಿನ ಯತ್ನದಲ್ಲೇ ಒಹಾಯೊದ ಕರ್ಟಿಸ್ ಸ್ಯಾಮ್ಯುಯೆಲ್ 15 ಗಜ ಓಡಿ ಅಂಕದ ಗೆರೆ ದಾಟಿದರು, ಒಹಾಯೊ 30-27ರಲ್ಲಿ ಗೆದ್ದಿತು.

ನಾನು ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಮೈಮೇಲೆ ಮೈ ಬಿದ್ದಿರುವಾಗ ಚೆಂಡೇ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ರೆಫ್ರಿ ಮೋಸ ಮಾಡಿದರು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಬಹಿರಂಗವಾಗಿ ಸಿಟ್ಟು ತೋಡಿಕೊಂಡ ಕೋಚ್ ಜಿಮ್ ಹಾರ್ಬಾ ಅವರ ಮಾತಿಗೆ ಮಿಷಿಗನ್ ಮೇಲೆ 10,000 ಡಾಲರ್ ದಂಡ ಬಿತ್ತು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಿದರೆ ಅನುಮಾನ ಜಾಸ್ತಿಯೇ ಆಗುತ್ತದೆ, ಅಲ್ವಾ?

ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್ ಏನು ನೋಡುತ್ತಿದ್ದಾರೆ, ಏನು ಹೇಳುತ್ತಿದ್ದಾರೆ ಎಂದು ಟಿವಿಯಲ್ಲೇ ಕೇಳಿಸುತ್ತದೆ. ಸೋತ ತಂಡದ ಅಭಿಮಾನಿಗೂ ಕಾರಣ ಗೊತ್ತಾಗುತ್ತದೆ. ಕಾಲೇಜು ಫುಟ್‌ಬಾಲ್‌ನ ಪ್ರತಿ ಪಂದ್ಯದಲ್ಲೂ ಹೀಗೇ ಆಗಲಿ ಎಂಬುದು ನನ್ನ ಕೋರಿಕೆ.

– ಒಬ್ಬ ಓದುಗ