ತಿರುವಿನಲ್ಲಿ ಸದ್ದು ಬರುವ ಕಾರಿಗೆ ಇನ್ನು ಮೊದಲು ಪರೀಕ್ಷೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಗ್ಯಾರೇಜಿನ ಪದ್ಧತಿಯೊಂದು ಬದಲಾಗುತ್ತಿದೆ. ತಿರುಗಿಸುವಾಗ ಗರಗರ ಸದ್ದು ಬರುತ್ತದೆ ಎಂದು ತಂದ ಕಾರಿನ ಪರೀಕ್ಷೆಗೆ 400 ರೂಪಾಯಿ ತೆಗೆದುಕೊಳ್ಳುತ್ತೇವೆ. ದುರಸ್ತಿಯನ್ನು ನಮ್ಮಲ್ಲೇ ಮಾಡಿಸಿದರೆ ಆ ಹಣವನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಬೇರೆ ಕಡೆ ಮಾಡಿಸುವುದಾದರೆ ಏನು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ವಾಟ್ಸ್‌ಆ್ಯಪ್‌ನಲ್ಲಿ ಸದ್ದು ಕೇಳಿಸಿಕೊಂಡು ಸಾಮಾನು ತರಿಸುವುದನ್ನು ಈಗಾಗಲೇ ನಿಲ್ಲಿಸಿದ್ದೇವೆ.

ಇಷ್ಟು ವರ್ಷ ನೋಡುವುದಕ್ಕೆ ಕಾಸು ಕೇಳದವರು ಈಗೇಕೆ ಕೇಳುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಹಳೆಯ ಗ್ರಾಹಕರೊಬ್ಬರು, ಎಡಕ್ಕೆ ತಿರುಗಿಸಿದಾಗ ಗುಂಯ್ ಎನ್ನುತ್ತದೆ ಎಂದು ಆಡಿಯೊ ಕಳುಹಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ನಾವು ಎಡಗಡೆಯ ಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲೆಂದು ಒಳಗಿರುವ ಗುಂಡುಗಳ ಬಳೆ) ತರಿಸಿ ಹಾಕಿಯೂ ಬಿಟ್ಟೆವು. ಸದ್ದು ಹಾಗೆಯೇ ಉಳಿಯಿತು. ಕಾರು ಎಡಕ್ಕೆ ತಿರುಗಿದಾಗ ಭಾರ ವಾಲುವುದು ಬಲಗಡೆಯ ಚಕ್ರಗಳ ಮೇಲೆ. ಸವೆದ ಬೇರಿಂಗ್ ಕೂಗುವುದು ಭಾರ ಬಿದ್ದಾಗ. ಕೆಟ್ಟಿದ್ದು ಬಲಗಡೆಯದು. ಕೆಲಸ ಕಲಿಯುವ ಹುಡುಗನಿಗೂ ಗೊತ್ತಿರುವ ಸಂಗತಿ ಅವಸರದಲ್ಲಿ ನಮಗೆ ಹೊಳೆಯಲಿಲ್ಲ. ಮೊದಲ ಬೇರಿಂಗಿನ ದುಡ್ಡನ್ನೂ ಕೂಲಿಯನ್ನೂ ನಾವೇ ಹೊತ್ತುಕೊಂಡೆವು.

ಅದಾದ ಮೇಲೆ ಪೇರೇಸಂದ್ರದ ಕಡೆಯಿಂದ ಹಿರಿಯರೊಬ್ಬರು ಬಂದರು. ಎರಡೂ ಬೇರಿಂಗ್ ಬದಲಿಸಬೇಕು ಎಂದು ಬೇರೆಲ್ಲೋ ಹೇಳಿದ್ದರಂತೆ. ಕ್ರಷರ್‌ಗಳ ಟಿಪ್ಪರ್ ಓಡಾಡುವ ರಸ್ತೆಯಲ್ಲಿ ದಿನವೂ ಬಂದು ಹೋಗುವ ಕಾರು. ಮುಂದಿನ ಚಕ್ರ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ, ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಅವರೆಕಾಳಿನಷ್ಟು ದಪ್ಪದ ಜಲ್ಲಿ ಚೂರು. ಡಿಸ್ಕಿನ ಮೇಲೆ ಸುತ್ತಲೂ ದಬ್ಬಳದಿಂದ ಗೀರಿದಂತೆ ಹೊಳೆಯುವ ಗೆರೆ. ಸ್ಕ್ರೂಡ್ರೈವರ್ ತೂರಿಸಿ ತಗಡನ್ನು ಒಂದಿಷ್ಟು ಹಿಂದಕ್ಕೆ ಬಾಗಿಸಿದ್ದೇ ತಡ, ಚೂರು ಟಣ್ ಎಂದು ನೆಲಕ್ಕೆ ಬಿತ್ತು. ಹುಡುಕುವುದಕ್ಕೆ ಒಂದೂವರೆ ಗಂಟೆ, ತೆಗೆಯುವುದಕ್ಕೆ ಎರಡು ನಿಮಿಷ. ಬಿಲ್ಲಿನಲ್ಲಿ ಏನೆಂದು ಬರೆಯುವುದು? ಅವರು ನಮಗೆಲ್ಲ ಕಾಫಿ ಕುಡಿಸಿ ಹೋದರು. ಚೂರು ಇಂದಿಗೂ ನಮ್ಮ ಮೇಜಿನ ಮೇಲಿದೆ, ಬಂದಾಗ ನೋಡಬಹುದು.

ಅವತ್ತು ಸಂಜೆ ಕುಳಿತು ಲೆಕ್ಕ ಹಾಕಿದೆವು. ಸಾಮಾನು ಬದಲಿಸಿದರೆ ಸಂಪಾದನೆ, ಸರಿಯಾಗಿ ಹುಡುಕಿದರೆ ನಷ್ಟ. ವ್ಯಾಪಾರ ಹೀಗಿದ್ದರೆ ಎಂಥ ಪ್ರಾಮಾಣಿಕ ಮೆಕ್ಯಾನಿಕ್‌ನ ಕೈಯೂ ಮೊದಲು ಸ್ಪ್ಯಾನರಿಗೇ ಹೋಗುತ್ತದೆ. ಆದ್ದರಿಂದ ಹುಡುಕುವ ಕೆಲಸಕ್ಕೇ ಕೂಲಿ ಇಟ್ಟಿದ್ದೇವೆ.

ಪರೀಕ್ಷೆಯ ವೇಳೆ ನೀವೂ ಕಾರಿನಲ್ಲಿರಬೇಕು. ನಿಮಗೆ ಕೇಳಿಸುವ ಸದ್ದು ಯಾವುದೆಂದು ನೀವೇ ತೋರಿಸಬೇಕು. ಎಷ್ಟೋ ಸಲ ನಾವು ಹಿಡಿದ ಸದ್ದೇ ಬೇರೆ ಆಗಿರುತ್ತದೆ. ಮೊದಲು ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕುತ್ತೇವೆ. ಆಕ್ಸಿಲರೇಟರ್ ಒತ್ತಿದಾಗ ಕಟಕಟ ಎಂದರೆ ಅನುಮಾನ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ತುದಿಯ ಜಾಯಿಂಟಿನ ಮೇಲೆ. ಆಮೇಲೆ ಹೆದ್ದಾರಿ: ವೇಗಕ್ಕೆ ತಕ್ಕಂತೆ ಏರುವ ಗುಂಯ್‌ಗುಡುವಿಕೆ ಬೇರಿಂಗಿನದಿರಬಹುದು, ಸವೆದ ಟೈರಿನದೂ ಇರಬಹುದು. ವಾಪಸು ಬಂದು ಕಾರನ್ನು ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲೆ ಇಡುತ್ತೇವೆ. ಬೇರಿಂಗ್ ಕೆಟ್ಟಿದ್ದರೆ ರಾಗಿ ಬೀಸುವಾಗ ಕಲ್ಲಿನ ಗೂಟಕ್ಕೆ ಬರುವಂಥದೇ ಅದುರು ಅಂಗೈಗೆ ಗೊತ್ತಾಗುತ್ತದೆ. ಬೇಕೆಂದರೆ ನೀವೂ ಕೈಯಿಟ್ಟು ನೋಡಿ. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಸದ್ದು ಬಂದರೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಬೇರಿಂಗ್ ನೋಡುತ್ತೇವೆ. ಹಳೆಯ ಗಾಡಿಯಾದರೆ ಪವರ್ ಸ್ಟೀರಿಂಗಿನ ಎಣ್ಣೆಯನ್ನೂ ನೋಡುತ್ತೇವೆ. ಕರೆಂಟಿನ ಸ್ಟೀರಿಂಗ್ ಇರುವ ಈಗಿನ ಬಹುಪಾಲು ಕಾರುಗಳಿಗೆ ಆ ಎಣ್ಣೆಯೇ ಇಲ್ಲ. ಎಣ್ಣೆ ಹಾಕಿದೆವು ಎಂದು ಯಾರಾದರೂ ಬಿಲ್ಲು ಕೊಟ್ಟರೆ ಎಲ್ಲಿಗೆ ಹಾಕಿದಿರಿ ಎಂದು ಕೇಳಿ.

ಒಂದು ಕೆಲಸಕ್ಕೆ ಮಾತ್ರ ಕಾಸಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ, ರಾಗಿ ಹುಲ್ಲು ಡ್ರೈವ್ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ರೈತರನ್ನು ಬೈದು ಪ್ರಯೋಜನವಿಲ್ಲ, ಕಣ ಮಾಡಲು ಜಾಗವಿಲ್ಲದವರು ಎಲ್ಲಿಗೆ ಹೋಗಬೇಕು? ಆದರೆ ಆ ಹುಲ್ಲು ಬಿಸಿಯಾದ ಭಾಗಕ್ಕೆ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದು, ಜಾಯಿಂಟಿನ ಗ್ರೀಸ್ ಹೊರಬಾರದಂತೆ ಹೊದಿಸಿದ ರಬ್ಬರ್ ಚೀಲ, ಅಂದರೆ ಬೂಟ್, ಹರಿಯಬಹುದು. ಅಂಥ ರಸ್ತೆಯಲ್ಲಿ ಬಂದಿದ್ದರೆ ಗ್ಯಾರೇಜಿಗೆ ಬನ್ನಿ, ಬಿಡಿಸಿ ಕಳುಹಿಸುತ್ತೇವೆ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ ಎಂದೇ ತಿಳಿಯಿರಿ. ಸದ್ದು ಶುರುವಾಗುವ ಮೊದಲೇ ತಂದರೆ ಹೊಸ ಬೂಟ್, ಹೊಸ ಗ್ರೀಸಿನಲ್ಲಿ ಮುಗಿಯುತ್ತದೆ. ಕಟಕಟ ಎಂದ ಮೇಲೆ ಗ್ರೀಸ್ ತುಂಬಿ ಉಪಯೋಗವಿಲ್ಲ, ಜಾಯಿಂಟನ್ನೇ ಬದಲಿಸಬೇಕು.

ಬೇರಿಂಗ್ ಕೆಲಸವನ್ನು ಇನ್ನು ಅದೇ ದಿನ ಮುಗಿಸಿ ಕೊಡುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗಿನ ಒಳಗೆ ಗುಂಡುಗಳು ಉರುಳುವ ದಾರಿಯಲ್ಲೇ ತಗ್ಗು ಬಿದ್ದು, ಬೇಗನೆ ಮತ್ತೆ ಕೂಗಲು ತೊಡಗುತ್ತದೆ. ಅದಕ್ಕೇ ಸಮಯ ತೆಗೆದುಕೊಂಡು, ಚಕ್ರ ಕೂರುವ ಹಬ್ ಬಿಚ್ಚಿ ಪ್ರೆಸ್ಸಿನಲ್ಲೇ ಒತ್ತಿ ಕೂರಿಸುತ್ತೇವೆ, ಶಾಫ್ಟಿನ ನಟ್ಟು ಹೊಸದು ಹಾಕಿ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತೇವೆ. ಬಿಚ್ಚಿದ ಹಳೆಯ ಸಾಮಾನು ಚೀಲದಲ್ಲಿ ಕಟ್ಟಿ ನಿಮ್ಮ ಡಿಕ್ಕಿಯಲ್ಲಿ ಇಟ್ಟಿರುತ್ತೇವೆ.

ಪರೀಕ್ಷೆ ಬೆಳಿಗ್ಗೆ 9ರಿಂದ 11ರವರೆಗೆ ಮಾತ್ರ; ಆಮೇಲೆ ಪೇಟೆಯ ಗದ್ದಲದಲ್ಲಿ ಯಾವ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ. ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದಂತೆ ಸದ್ದು ಬಂದರೆ, ಚಕ್ರ ಅಲ್ಲಾಡಿದಂತೆ ಅನ್ನಿಸಿದರೆ ಮಾತ್ರ ಸಮಯ ನೋಡಬೇಡಿ. ಕಾರನ್ನು ಇದ್ದಲ್ಲೇ ನಿಲ್ಲಿಸಿ ಫೋನ್ ಮಾಡಿ, ನಮ್ಮಲ್ಲಿ ಒಬ್ಬರು ಅಲ್ಲಿಗೇ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ನಾಲ್ವರು ಪಾಲುದಾರರು
ಚಿಕ್ಕಬಳ್ಳಾಪುರ