ಹೇಳದೆ ಕೇಳದೆ ಕೆಲಸಕ್ಕೆ ಕೈ ಹಾಕಿದವರಿಗೆ

ಕರ್ತನಲ್ಲಿ ಪ್ರಿಯರಾದ ಸಭೆಯವರೆಲ್ಲರಿಗೂ ವಂದನೆಗಳು.

ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ನಮ್ಮ ಯಜಮಾನರು ಕಳೆದ ಭಾನುವಾರ ಕೋಲು ಊರಿಕೊಂಡು ತಾವೇ ನಡೆದು ಆರಾಧನೆಗೆ ಬಂದದ್ದನ್ನು ನೀವೆಲ್ಲ ನೋಡಿದಿರಿ. ಅವತ್ತೇ ಎದ್ದು ನಿಂತು ಸಾಕ್ಷಿ ಹೇಳಬೇಕೆಂದಿದ್ದೆ, ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಾರ್ಥಿಸಿದವರಿಗೆ, ಡಾಕ್ಟರು, ನರ್ಸುಗಳಿಗೆ, ಫಿಸಿಯೋಥೆರಪಿ ಮಾಡಿಸಿದವರಿಗೆ ಕೈಮುಗಿಯುತ್ತೇನೆ. ಆದರೆ ನಾನು ಮುಖ್ಯವಾಗಿ ಬರೆಯುತ್ತಿರುವುದು ಯಾರ ಕಣ್ಣಿಗೂ ಬೀಳದ ಕೆಲಸ ಮಾಡಿದವರಿಗೆ.

ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತರೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಮನೆಗೆ ಕರೆತಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಅಷ್ಟೇ. ನನ್ನ ನಿದ್ದೆಯ ಕಥೆ ಬಿಡಿಸಿ ಹೇಳಬೇಕಿಲ್ಲ.

"ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ನಾನೂ ಎಷ್ಟೋ ಮನೆಗಳಲ್ಲಿ ಅಂದವಳೇ. ಆದರೆ ಏನು ಬೇಕು ಅಂತ ಯೋಚಿಸಲಿಕ್ಕೂ ತಲೆ ಓಡಬೇಕಲ್ಲ! ನಿಮ್ಮಲ್ಲೊಬ್ಬರು ಕೇಳಲೇ ಇಲ್ಲ. "ಅಕ್ಕಾ, ಮಂಗಳವಾರ, ಶುಕ್ರವಾರ ರಾತ್ರಿ ನಾನು ಕೂತ್ಕೋತೀನಿ, ನೀವು ಒಳಗೆ ಹೋಗಿ ಮಲಗಿ" ಅಂದರು. ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ದಿಂಬು ತೆಗೆದಿಟ್ಟು ಮಗ್ಗುಲು ಬದಲಿಸಿ, ಗೋಡೆಯ ಚೀಟಿಯಲ್ಲಿ ಹೊತ್ತು ಬರೆದಿಡುತ್ತಿದ್ದರು. ಆ ಎರಡು ರಾತ್ರಿಗಳ ನಿದ್ದೆಯಲ್ಲೇ ನಾನು ವಾರ ತಳ್ಳಿದೆ.

ಇನ್ನೊಬ್ಬರ ವಿಷಯ ಬರೆಯಲು ಈಗಲೂ ಸಂಕೋಚ. ಒದ್ದೆಯಾದ ಬೆಡ್‌ಶೀಟುಗಳ ಬಕೆಟನ್ನು ನಾನು ಬಚ್ಚಲಿನ ಬಾಗಿಲ ಹಿಂದೆ ಬಚ್ಚಿಟ್ಟಿದ್ದೆ. ಅವರು ಕೈ ತೊಳೆಯಲು ಹೋದವರು ನೋಡಿಬಿಟ್ಟರು. ಬೇಡ ಬೇಡ ಅಂತ ನಾನು ಬಕೆಟಿನ ಹಿಡಿ ಎಳೆದೆ, ಅವರು ಬಿಡಲಿಲ್ಲ. ನೆನೆಹಾಕಿ, ಉಜ್ಜಿ, ಒಣಗಿಸಿ, ಮಡಚಿ ಮಂಚದ ಕಾಲಬದಿಗೆ ಇಟ್ಟು ಹೋದರು. ಮರುದಿನ ಮತ್ತೆ ಬಂದರು.

ಬೈಬಲಿನ ಯೋಹಾನ 13ನೇ ಅಧ್ಯಾಯವನ್ನು ಚಿಕ್ಕಂದಿನಿಂದ ಕೇಳಿದವಳು ನಾನು. ಯೇಸುಸ್ವಾಮಿ ಊಟದಿಂದ ಎದ್ದದ್ದು, ಮೇಲುಡುಪು ತೆಗೆದಿಟ್ಟದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡದ್ದು, ಬೋಗುಣಿಗೆ ನೀರು ಹೊಯ್ದದ್ದು, ಶಿಷ್ಯರ ಕಾಲು ತೊಳೆದದ್ದು, ಒರೆಸಿದ್ದು, ಒಂದನ್ನೂ ಬಿಡದೆ ಯೋಹಾನ ಬರೆದಿದ್ದಾನೆ. "ನನ್ನ ಕಾಲು ತೊಳೆಯಲೇಬಾರದು" ಅಂತ ಶಿಷ್ಯ ಪೇತ್ರ ಯಾಕೆ ಹಟ ಹಿಡಿದ ಅನ್ನುವುದು ಮಾತ್ರ ಆ ಬಕೆಟಿನ ಮುಂದೆ ನಿಂತಾಗಲೇ ತಿಳಿದದ್ದು. ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ.

ಯುವಜನ ಸಂಘದ ಆ ಹುಡುಗನಿಗೂ ಒಂದು ಮಾತು. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಅಂತ ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಹೇಳಿದ ಅಪೊಸ್ತಲ ಪೌಲ, ಮೂರು ವಚನ ದಾಟುವಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಅನ್ನುತ್ತಾನೆ. ಇದೆಂಥ ಮಾತು ಅನ್ನಿಸುತ್ತಿತ್ತು ನನಗೆ, ಈ ಹುಡುಗನನ್ನು ನೋಡಿದ ಮೇಲೆ ತಿಳಿಯಿತು. ಯಜಮಾನರಿಗೆ ಸ್ನಾನ ಮಾಡಿಸಿದ ಮೇಲೆ ನಾನಾಗಿದ್ದರೆ ಚಕಚಕ ಅಂತ ಅಂಗಿ ತೊಡಿಸಿ ಮುಗಿಸುತ್ತಿದ್ದೆ. ಈ ಹುಡುಗ ಅಂಗಿ ತೊಡಿಸಿ, ಗುಂಡಿಗಳನ್ನು ಅವರಿಗೇ ಬಿಟ್ಟು ಪಕ್ಕದಲ್ಲಿ ಕೂತ. ಎಡಗೈಯಲ್ಲಿ ಗುಂಡಿ ಜಾರುತ್ತಿತ್ತು, ಹಣೆ ಬೆವರುತ್ತಿತ್ತು. ಇವನು ಕೈ ಚಾಚಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಮೇಲಿನ ಗುಂಡಿ ಸಿಕ್ಕಿಕೊಂಡಾಗ ನಮ್ಮವರು ನಕ್ಕರು. ಕಾಯಿಲೆ ಬಿದ್ದ ಮೇಲೆ ನಾನು ಕಂಡ ಮೊದಲ ನಗು ಅದು.

ಬೈಬಲಿನಲ್ಲಿ, ಯೊಪ್ಪ ಎಂಬ ಊರಿನಲ್ಲಿ ದೊರ್ಕ ಎಂಬ ಶಿಷ್ಯೆ ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿ ಅತ್ತರಂತೆ. ನನ್ನಲ್ಲಿ ತೋರಿಸಲು ಮಡಚಿಟ್ಟ ಬೆಡ್‌ಶೀಟುಗಳಿವೆ, ಗೋಡೆಯ ಚೀಟಿಯಿದೆ. ಯಾರ ಹೆಸರನ್ನೂ ಬರೆದಿಲ್ಲ, ಬರೆದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಗೊತ್ತು.

ಇನ್ನೊಂದು ವಿಷಯ. ನೀವು ಊಟ ತುಂಬಿ ಕಳಿಸಿದ ಡಬ್ಬಿಗಳು ನಮ್ಮ ಅಡುಗೆಮನೆಯಲ್ಲಿ ಸಾಲುಗಟ್ಟಿ ಕೂತಿವೆ. ಯಾವುದು ಯಾರದು, ಯಾವ ಮುಚ್ಚಳ ಯಾವುದಕ್ಕೆ, ಒಂದೂ ತಿಳಿಯದು. ಮುಂದಿನ ಭಾನುವಾರ ಎಲ್ಲವನ್ನೂ ತೊಳೆದು ತರುತ್ತೇನೆ. ಆರಾಧನೆ ಮುಗಿದ ಮೇಲೆ ದಯವಿಟ್ಟು ಗುರುತು ಹಿಡಿದು ತೆಗೆದುಕೊಂಡು ಹೋಗಿ.