ದ್ರಾಕ್ಷಿ ರೋಗದ ಸಂದೇಶದಲ್ಲಿ ಎಷ್ಟು ಅಪಾಯ ಅಂತಲೂ ಹೇಳಲಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದು ತೋಟ ಹೂವಿಗೆ ಬಂತೆಂದರೆ ನಮಗೆಲ್ಲ ಡೌನಿ ಎಂಬ ಬೂಜು ರೋಗದ್ದೇ ಚಿಂತೆ. ಮೋಡ ಕವಿದು, ಇಬ್ಬನಿ ಬಿದ್ದು, ಎಲೆ ಒಣಗದೇ ಉಳಿದರೆ ಗೊಂಚಲೇ ಹೋಗಿಬಿಡಬಹುದು. ಈಗ ತೋಟದ ಹವಾಮಾನ ಯಂತ್ರದಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯದೇ. ಆದರೆ ನನಗೆ ಬರುವ ಸಂದೇಶದಲ್ಲಿ ಎರಡೇ ಮಾತು: ಅಪಾಯ ಇದೆ, ಅಪಾಯ ಇಲ್ಲ. ತೇವಾಂಶ ಶೇ 80 ದಾಟಿದರೆ ಇದೆ, 79 ಇದ್ದರೆ ಇಲ್ಲ. ಅಗ್ಗದ ಸೆನ್ಸರ್ ತೋರಿಸುವ ಅಳತೆಯೇ ಎರಡು-ಮೂರು ಅಂಶ ಆಚೀಚೆ ಇರುತ್ತದೆ. ಇದನ್ನು ನಂಬಿ ಔಷಧಿ ಹೊಡೆಯಬೇಕಾ, ಬಿಡಬೇಕಾ?

ಇದಕ್ಕೆ ದಾರಿ ಇದೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ತೋಟಕ್ಕೆ ಮರಳಿದವಳು. ವಿಜ್ಞಾನಿ ಲೋಟ್ಫಿ ಝಾದೆ 1965ರಲ್ಲಿ ಮುಂದಿಟ್ಟ ಫಜ್ಜಿ (ಅಂದರೆ ಮಸುಕು ಅಂಚಿನ) ವಿಧಾನದಲ್ಲಿ ಇದೆ-ಇಲ್ಲ ಎಂಬ ಇಂಥ ಗೆರೆಯೇ ಇಲ್ಲ, ಒಂದು ಮಾತು ಎಷ್ಟು ಒಪ್ಪುತ್ತದೆ ಎಂದು 0ಯಿಂದ 1ರವರೆಗೆ ಅಳೆಯುತ್ತಾರೆ. 78 ಅಂದರೆ ತೇವ 0.7ರಷ್ಟು ‘ಜಾಸ್ತಿ’, 85 ಅಂದರೆ ಪೂರ್ತಿ ‘ಜಾಸ್ತಿ’ ಎಂದು ನಾವೇ ನಿಗದಿ ಮಾಡಬಹುದು. (0.7 ಅಂದರೆ ರೋಗ ಬರುವ ಸಾಧ್ಯತೆ ಶೇ 70 ಅಂತಲ್ಲ. ‘ಜಾಸ್ತಿ’ ಎಂಬ ಮಾತು ಆ ತೇವಕ್ಕೆ ಎಷ್ಟು ಒಪ್ಪುತ್ತದೆ ಅಂತ.) ಆಮೇಲೆ ಬೆಳೆಗಾರರ ಮಾತೇ ನಿಯಮ: ತೇವ ಜಾಸ್ತಿ ಇದ್ದು, ಎಲೆ ತುಂಬಾ ಹೊತ್ತು ಒದ್ದೆ ಇದ್ದರೆ ಅಪಾಯ ಹೆಚ್ಚು. ಮೊದಲನೆಯದು 0.7, ಎರಡನೆಯದು 0.4 ಒಪ್ಪಿದರೆ, ಚಿಕ್ಕದಾದ 0.4ರಷ್ಟು ಆ ನಿಯಮಕ್ಕೆ ಬಲ. ಇಂಥ ಹತ್ತಾರು ನಿಯಮಗಳ ಫಲವನ್ನು ಕೂಡಿಸಿ, ಅದರ ಮಧ್ಯಬಿಂದು ಹಿಡಿದರೆ ಅಪಾಯ ಎಷ್ಟು ಎಂಬ ಒಂದು ಅಂಕಿ ಸಿಗುತ್ತದೆ. ಲಂಡನ್ನಿನಲ್ಲಿ ಎಂಜಿನಿಯರ್ ಇಬ್ರಾಹಿಂ ಮಮ್ದಾನಿ 1970ರ ದಶಕದಲ್ಲಿ ಉಗಿ ಎಂಜಿನ್ ಒಂದನ್ನು ಹೀಗೆ ಮಾತಿನ ನಿಯಮಗಳಿಂದಲೇ ನಡೆಸಿ ತೋರಿಸಿದರು. ಜಪಾನಿನ ಸೆಂಡೈ ಮೆಟ್ರೊ 1987ರಿಂದ ಇದೇ ಬಗೆಯ ನಿಯಂತ್ರಣದಲ್ಲಿ ಓಡಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ನನಗೆ ‘ತುಂಬಾ ಹೊತ್ತು’ ಅಂದರೆ ನಾಲ್ಕು ತಾಸು, ಪಕ್ಕದ ತೋಟದ ಕಾಕಾನಿಗೆ ಆರು ತಾಸು. ಇಬ್ಬರೂ ಅನುಭವದಿಂದಲೇ ಹೇಳುತ್ತೇವೆ, ಯಾರನ್ನು ಬಿಡುವುದು? ಯಾರನ್ನೂ ಬಿಡಬೇಕಿಲ್ಲ. ಟೈಪ್-2 ಫಜ್ಜಿ ಎಂಬ ಬಗೆಯಲ್ಲಿ ಇಬ್ಬರ ಮಾತಿನ ನಡುವಿನ ಅಂತರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸೆನ್ಸರ್‌ನ ಆಚೀಚೆಯನ್ನೂ ಹಾಗೆಯೇ ಸೇರಿಸಬಹುದು. ಆಗ ಉತ್ತರವೂ ಒಂದೇ ಅಂಕಿಯಾಗಿ ಬರಬೇಕಿಲ್ಲ. ‘ಅಪಾಯ ಹತ್ತರಲ್ಲಿ ಐದರಿಂದ ಏಳು’ ಎಂದು ಬಂದರೆ ನಾನು ಹೋಗಿ ಎಲೆ ತಿರುಗಿಸಿ ನೋಡುತ್ತೇನೆ. ಎಂಟರಿಂದ ಒಂಬತ್ತು ಅಂದರೆ ಪಂಪ್ ಹೊರತೆಗೆಯುತ್ತೇನೆ. ಸುಮ್ನೆ ಹೊಡೆಯುವ ಔಷಧಿ ಉಳಿಯುತ್ತದೆ, ಒಣದ್ರಾಕ್ಷಿಯಲ್ಲಿ ಔಷಧಿ ಅಂಶದ ಭಯವೂ ಕಡಿಮೆ, ಅಲ್ವಾ?

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಮತ್ತು ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಈ ಕೆಲಸ ಕೈಗೆತ್ತಿಕೊಳ್ಳಬೇಕು. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ತೋಟಕ್ಕೆ ಬಂದು ಬೆಳೆಗಾರರ ಜೊತೆ ಕೂತು ನಿಯಮ ಬರೆದುಕೊಳ್ಳಲಿ. ಆ ನಿಯಮಗಳು ಕನ್ನಡದಲ್ಲೇ ಎಲ್ಲರ ಕಣ್ಣಿಗೆ ಬೀಳುವಂತಿರಲಿ, ತಪ್ಪಿದ್ದರೆ ನಾವು ತಿದ್ದುತ್ತೇವೆ. ಯಂತ್ರದ ಸಂದೇಶ ಕಳಿಸುವವರೂ ತಮ್ಮ ಲೆಕ್ಕ ಹೇಗೆ ಎಂದು ತಿಳಿಸಲಿ. ನನ್ನ ತೋಟದ ಅಳತೆಗಳನ್ನು ಯಾರು ಕೇಳಿದರೂ ಕೊಡುತ್ತೇನೆ.

– ದ್ರಾಕ್ಷಿ ಬೆಳೆಗಾರ್ತಿ, ತಿಕೋಟಾ, ವಿಜಯಪುರ ಜಿಲ್ಲೆ